ಪ್ರೈಡ್ ಡೇಟಾಬೇಸ್: ಮೂಟೆ ಪುಕ್ಕಟೆ, ಅಡುಗೆ ನಮ್ಮದೇ

ನಮ್ಮ ಲ್ಯಾಬಿನಲ್ಲಿ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಚೇಂಬರ್ ಇಲ್ಲ. ಆಮ್ಲಜನಕ ಶೇ. 1ಕ್ಕೆ ಇಳಿದರೆ ಕೋಶದಲ್ಲಿ ಯಾವ ಪ್ರೋಟೀನ್ ಏರುತ್ತದೆ, ಯಾವುದು ಇಳಿಯುತ್ತದೆ ಅಂತ ನನಗೆ ನೋಡಬೇಕಿತ್ತು. "ಯಾರಾದ್ರೂ ಮಾಡಿಟ್ಟಿರ್ತಾರೆ, ಹುಡುಕಮ್ಮ" ಅಂದರು ಮೇಡಂ.

ಮೊದಲ ವಾರ ದಂಡ. ರೂಢಿಯಂತೆ ಜಿಯೋಗೆ ಹೋಗಿದ್ದೆ (ಸಿಮ್ ಅಲ್ಲ, ಅಮೆರಿಕದ ಎನ್‌ಸಿಬಿಐನ ಡೇಟಾಬೇಸ್). ಹೈಪಾಕ್ಸಿಯಾ ಡೇಟಾ ರಾಶಿ ರಾಶಿ ಇದೆ, ಆದರೆ ಹೆಚ್ಚಿನದು ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ಪ್ರತಿ) ಲೆಕ್ಕ. ಈ ವಿಷಯದಲ್ಲಿ ಅದೊಂದನ್ನೇ ನಂಬಿದರೆ ಕೆಟ್ಟೆವು. ಆಮ್ಲಜನಕ ಕಡಿಮೆಯಾದಾಗ ಬೇರೆ ಜೀನ್‌ಗಳನ್ನು ಎಬ್ಬಿಸುವ ಹಿಫ್-1 ಆಲ್ಫಾ ಪ್ರೋಟೀನನ್ನೇ ನೋಡಿ. ಅದರ ಎಂಆರ್‌ಎನ್‌ಎ ಎಷ್ಟೋ ಸಲ ಅಲುಗಾಡುವುದೇ ಇಲ್ಲ. ಪ್ರೋಟೀನ್ ಮಾತ್ರ ಆಮ್ಲಜನಕ ಇದ್ದಾಗ ಸುಮಾರು ಐದು ನಿಮಿಷದಲ್ಲಿ ಅರ್ಧ ಕರಗುತ್ತದೆ, ಇಲ್ಲದಾಗ ಕರಗದೆ ತುಂಬಿಕೊಳ್ಳುತ್ತದೆ. 2019ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಈ ಗುಟ್ಟು ಬಿಡಿಸಿದ ಮೂವರಿಗೆ.

ಆಮೇಲೆ ಪ್ರೈಡ್‌ಗೆ ಬಂದೆ. ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಇಬಿಐ (ಯುರೋಪಿನ ಜೈವಿಕ ಮಾಹಿತಿ ಸಂಸ್ಥೆ) ನಡೆಸುವ ಪ್ರೋಟೀನ್ ಡೇಟಾದ ಉಗ್ರಾಣ ಇದು. ದುಡ್ಡು ಬೇಡ, ಲಾಗಿನ್ ಬೇಡ. ಪೇಪರಿನ ಕೊನೆಯಲ್ಲಿ ಪಿಎಕ್ಸ್‌ಡಿ ಅಂತ ಶುರುವಾಗುವ ನಂಬರ್ ಇರುತ್ತದಲ್ಲ, ಅದನ್ನು ಹಾಕಿದರೆ ಫೈಲುಗಳು ಮುಂದೆ. ಆದರೆ ಹೋಟೆಲ್ ಅಂದುಕೊಂಡು ಬರಬೇಡಿ, ಇದು ಎಪಿಎಂಸಿ ಯಾರ್ಡ್. ಮೂಟೆ ಬಿಚ್ಚಿ ಕಲ್ಲು ಆರಿಸುವುದು ನಮ್ಮ ಕೆಲಸ.

ಎಂಥ ಕಲ್ಲು? ಹೈಪಾಕ್ಸಿಯಾ ಅಂತ ಹೆಸರಿರುತ್ತದೆ, ಒಳಗೆ ನೋಡಿದರೆ ಆಮ್ಲಜನಕ ಇಳಿಸಿಯೇ ಇರುವುದಿಲ್ಲ, ಹೈಪಾಕ್ಸಿಯಾದ ನಾಟಕ ಆಡಿಸುವ ಕೋಬಾಲ್ಟ್ ಕ್ಲೋರೈಡ್ ರಾಸಾಯನಿಕ ಹಾಕಿರುತ್ತಾರೆ. ಹಿಫ್ ಏರುತ್ತದೆ ನಿಜ, ಆದರೆ ಎರಡೂ ಒಂದೇ ಅಲ್ಲ. ವಿಧಾನದ ಭಾಗ ಓದದೆ ಏನನ್ನೂ ಇಳಿಸಿಕೊಳ್ಳಬೇಡಿ. ಯಂತ್ರದಿಂದ ನೇರ ಬಂದ ರಾ ಫೈಲುಗಳಂತೂ ಗಾತ್ರದಲ್ಲಿ ಭಾರಿ, ಹಾಸ್ಟೆಲ್ ವೈಫೈ ತಡೆಯುವುದಿಲ್ಲ. ಆ ಫೈಲುಗಳಿಂದ ಪ್ರೋಟೀನ್ ಲೆಕ್ಕ ತೆಗೆಯುವ ಮ್ಯಾಕ್ಸ್‌ಕ್ವಾಂಟ್ ಸಾಫ್ಟ್‌ವೇರ್ ಕೊಡುವ 'ಪ್ರೋಟೀನ್‌ಗ್ರೂಪ್ಸ್' ಪಟ್ಟಿ ಇದೆಯಾ ನೋಡಿ, ಶುರುವಿಗೆ ಅಷ್ಟು ಸಾಕು.

ನನಗೆ ಸಿಕ್ಕಿದ್ದು ಹೀಲಾ (ಲ್ಯಾಬಿನಲ್ಲಿ ಬೆಳೆಸುವ ಕ್ಯಾನ್ಸರ್) ಕೋಶಗಳ ಪಟ್ಟಿ, 24 ಗಂಟೆ ಹೈಪಾಕ್ಸಿಯಾದ್ದು. ಮೊದಲು 'ಕಾನ್' (ಅಂದರೆ ಕಲಬೆರಕೆ) ಗುರುತಿನ ಸಾಲುಗಳನ್ನು ಕಿತ್ತೆ. ಅದರಲ್ಲಿ ಜಾಸ್ತಿ ಯಾರದೋ ಕೈಚರ್ಮದ ಕೆರಾಟಿನ್! ಆಮೇಲೆ ಆಸೆಯಿಂದ ಹಿಫ್-1 ಆಲ್ಫಾ ಹುಡುಕಿದೆ. ಸಾಲೇ ಇಲ್ಲ. ಅಷ್ಟು ಕಡಿಮೆ ಇರುವ ಪ್ರೋಟೀನ್ ಮಾಸ್ ಸ್ಪೆಕ್ (ಪ್ರೋಟೀನ್ ತುಣುಕು ತೂಗುವ ಯಂತ್ರ) ಕಣ್ಣಿಗೆ ಬೀಳುವುದು ಕಷ್ಟ, ಅದಕ್ಕೆ ಆ್ಯಂಟಿಬಾಡಿಯಿಂದ ಬೇಕಾದ ಪ್ರೋಟೀನ್ ಹಿಡಿಯುವ ವೆಸ್ಟರ್ನ್ ಬ್ಲಾಟೇ ಗತಿ. ಹಾಗೇ ಕೆಳಗೆ ಬಂದರೆ ಸಿಎ9. ಮಾಮೂಲಿ ಗಾಳಿಯ ಮೂರು ಕಾಲಮ್ಮಿನಲ್ಲೂ ಸೊನ್ನೆ, ಹೈಪಾಕ್ಸಿಯಾದ ಮೂರರಲ್ಲೂ ಉದ್ದುದ್ದ ಅಂಕಿ. ಹಿಫ್ ಕಾಣದಿದ್ದರೂ ಅದು ಎಬ್ಬಿಸಿದ ಪ್ರೋಟೀನ್ ಕಂಡಿತಲ್ಲ, ರಾತ್ರಿ ಹನ್ನೊಂದಕ್ಕೇ ಮೇಡಂಗೆ ಸ್ಕ್ರೀನ್‌ಶಾಟ್ ಕಳಿಸಿದೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಹೋದದ್ದು ಉಗ್ರಾಣದ ತಪ್ಪಿಗಲ್ಲ, ಸರಕು ತಂದು ಹಾಕುವವರ ತಪ್ಪಿಗೆ. ಎರಡನೇ ಪ್ರಾಜೆಕ್ಟಿನಲ್ಲಿ ಫೈಲುಗಳ ಹೆಸರು ಎ1, ಎ2, ಬಿ1, ಬಿ2 ಅಷ್ಟೇ. ಯಾವುದು ಹೈಪಾಕ್ಸಿಯಾ ಅಂತ ಎಲ್ಲೂ ಬರೆದಿಲ್ಲ. ಅವರಿಗೆ ಮೇಲ್ ಹಾಕಿ ಹನ್ನೆರಡು ದಿನ ಆಯಿತು.