ಪಿ ಹಾಕಿದರೆ ಮುಗೀತಾ? ಕಲಬುರಗಿಯಲ್ಲಿ ಆಟೋಮ್ಯಾಟಿಕ್ ಕಾರು ಬಳಸಿದ ಅನುಭವ

ಆಟೋಮ್ಯಾಟಿಕ್ ಕಾರು ತಗೋಬೇಕಾ ಬೇಡ್ವಾ ಅಂತ ನಮ್ಮ ಕಾಲೇಜಿನಲ್ಲಿ, ಓಣಿಯಲ್ಲಿ ಯಾರಾದರೂ ಕೇಳುತ್ತಲೇ ಇರುತ್ತಾರೆ. ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಒಂದು ಮಾತು ಸೇರಿಸದೆ ಬಿಡುವುದಿಲ್ಲ. ಈ ಗಾಡಿ ಓಡಿಸೋದು ಎಷ್ಟು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ನಿಲ್ಲಿಸೋದು ಹೇಗೆ ಅಂತ ಯಾರೂ ಹೇಳಿಕೊಡುವುದಿಲ್ಲ. ವರ್ಷಗಟ್ಟಲೆ ಬಳಸಿದ ಮೇಲೆ ನನಗೆ ಇರುವ ದೊಡ್ಡ ಸಂತೋಷವೂ, ದೊಡ್ಡ ಸಿಟ್ಟೂ ಇದೇ ಗೇರಿನ ಸುತ್ತ ಇದೆ. ಗೇರಿನ ಲಿವರ್ ಪಕ್ಕ ಅಕ್ಷರಗಳಿರುತ್ತವೆ: ಪಿ ಅಂದರೆ ಪಾರ್ಕ್, ನಿಲ್ಲಿಸಿಡಲು; ಆರ್ ಹಿಂದೆ ಹೋಗಲು; ಎನ್ ನ್ಯೂಟ್ರಲ್; ಡಿ ಮುಂದೆ ಹೋಗಲು.

ನಮ್ಮದು ಪೆಟ್ರೋಲ್ ಗಾಡಿ, ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಬಗೆ. ಪವರ್ ಎಷ್ಟು, ಡಿಕ್ಕಿ ಎಷ್ಟು ಲೀಟರ್ ಅನ್ನೋದೆಲ್ಲ ನೀವು ನೋಡಿಯೇ ಇರುತ್ತೀರಿ, ಅದನ್ನು ಬರೆಯೋದಿಲ್ಲ. ಮ್ಯಾನುಯಲ್‌ಗಿಂತ ಲಕ್ಷದ ಮೇಲೆ ಜಾಸ್ತಿ ಕೊಟ್ಟಿದ್ದೇವೆ. ಸಂಬಳದಲ್ಲಿ ಕಂತು ಕಟ್ಟುವವರಿಗೆ ಅದು ಸಣ್ಣ ಮೊತ್ತ ಅಲ್ಲ. ಮೈಲೇಜ್ ಊರೊಳಗೆ ಹತ್ತು ಹನ್ನೊಂದು, ಹೈವೇನಲ್ಲಿ ಹದಿನೈದರ ಆಸುಪಾಸು. ಮೈಲೇಜೇ ಮುಖ್ಯ ಅನ್ನುವವರು ಬೇರೆ ಗಾಡಿ ನೋಡಬಹುದು.

ಇನ್ನು ಸಂತೋಷದ ಮಾತು. ಬೆಳಿಗ್ಗೆ ಕೂತ ತಕ್ಷಣ ಬಲಗಾಲು ಬ್ರೇಕ್ ಮೇಲೆ. ಆಮೇಲೆ ಬೆಲ್ಟ್, ಆಮೇಲೆ ಚಾವಿ. ಎಂಜಿನ್ ಸದ್ದು ತಗ್ಗಿ ಸಮ ಆಗುವವರೆಗೆ ಕನ್ನಡಿ ಸರಿ ಮಾಡಿಕೊಳ್ಳುತ್ತೇನೆ. ಆರ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿ, ಬ್ರೇಕ್ ಮೇಲಿನ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಸಾಕು, ಗಾಡಿ ತಾನಾಗಿ ಹಿಂದೆ ತೆವಳುತ್ತದೆ. ಆಕ್ಸಿಲರೇಟರ್ ಮುಟ್ಟುವುದೇ ಬೇಡ. ನಮ್ಮ ಓಣಿ ಕಿರಿದು. ಒಂದು ಕಡೆ ಪಕ್ಕದ ಮನೆಯವರ ಬೈಕು, ಇನ್ನೊಂದು ಕಡೆ ಚರಂಡಿ. ಬ್ರೇಕ್ ಒಂದರಲ್ಲೇ ಅಳೆದು ಅಳೆದು ಹೊರಗೆ ತರೋದು ನನಗೆ ದಿನದ ಮೊದಲ ಖುಷಿ.

ಸೂಪರ್ ಮಾರ್ಕೆಟ್ ಕಡೆ ಸಂಜೆ ಹೋಗಿದ್ದೀರಲ್ವಾ? ಆಟೋ, ತಳ್ಳುಗಾಡಿ, ಅಡ್ಡ ಬರುವ ಬೈಕು, ನಡುವೆ ಎಲ್ಲೋ ಒಂದು ಎಮ್ಮೆ. ಹಳೆಯ ಗಾಡಿಯಲ್ಲಿ ಜಗತ್ ವೃತ್ತ ತಲುಪುವಷ್ಟರಲ್ಲಿ ಎಡ ಮೊಣಕಾಲು ನೋಯುತ್ತಿತ್ತು. ಈಗ ಎಡಗಾಲಿಗೆ ಕೆಲಸವೇ ಇಲ್ಲ. ಬಂದೇನವಾಜ್ ಉರುಸಿನ ದಿನಗಳಲ್ಲಿ, ಶರಣಬಸವೇಶ್ವರ ಜಾತ್ರೆಯ ಸಮಯದಲ್ಲಿ ಆ ಕಡೆಯ ರಸ್ತೆಗಳು ಪೂರ್ತಿ ತುಂಬಿರುತ್ತವೆ. ಬಿಸಿಲು ನಲವತ್ತು ಡಿಗ್ರಿ ದಾಟಿರುವಾಗ ಎಸಿ ಹಾಕಿಕೊಂಡು, ಕಾಲು ನೋಯದೆ ಅಂಥ ಜಾಗ ದಾಟೋದು ದೊಡ್ಡ ಸಮಾಧಾನ. ನಮ್ಮ ಅವ್ವ ಹಿಂದಿನ ಸೀಟಿನಲ್ಲಿ ಕೂತು, "ಈ ಗಾಡಿ ಜಗ್ಗಂಗಿಲ್ಲ ನೋಡು" ಅನ್ನುತ್ತಾಳೆ. ಸೊಂಟ ನೋವಿರುವವರಿಗೆ ಆ ಜಗ್ಗಾಟ ಇಲ್ಲದಿರೋದೇ ಎಲ್ಲಕ್ಕಿಂತ ದೊಡ್ಡದು.

ಆದರೆ ಒಂದು ಕಡ್ಡಾಯ: ಎಡಗಾಲು ಸುಮ್ಮನೆ ಪಕ್ಕಕ್ಕೆ ಇರಬೇಕು. ಕ್ಲಚ್ ಒತ್ತಿ ಅಭ್ಯಾಸ ಆದ ಕಾಲು ಅದು. ಅದನ್ನು ಬ್ರೇಕಿಗೆ ತಂದರೆ ಕ್ಲಚ್ ಒತ್ತುವಷ್ಟೇ ಜೋರಾಗಿ ಒತ್ತುತ್ತದೆ, ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಎರಡು ಪೆಡಲಿಗೂ ಒಂದೇ ಬಲಗಾಲು.

ಈಗ ಸಿಟ್ಟಿನ ವಿಷಯ.

ಗಾಡಿ ಡೆಲಿವರಿ ಕೊಡುವ ದಿನ ಶೋರೂಮಿನವರು ಫೋನನ್ನು ಪರದೆಗೆ ಜೋಡಿಸುವುದು ಹೇಗೆ, ಹಾಡು ಹಾಕುವುದು ಹೇಗೆ, ಸೀಟ್ ಕವರ್ ಯಾವುದು ಚಂದ ಅಂತೆಲ್ಲ ಸಾವಕಾಶವಾಗಿ ವಿವರಿಸಿದರು. ಗೇರಿನ ವಿಷಯಕ್ಕೆ ಬಂದಾಗ ಒಂದೇ ಮಾತು: "ಪಿ ಹಾಕಿದ್ರ ಮುಗೀತ್ರಿ ಮೇಡಂ, ಗಾಡಿ ಎಲ್ಲೂ ಹೋಗಂಗಿಲ್ಲ." ಹ್ಯಾಂಡ್‌ಬ್ರೇಕ್ ಯಾವಾಗ ಅಂತ ಕೇಳಿದೆ. "ಗುಡ್ಡದ ಮ್ಯಾಲೆ ನಿಲ್ಸೋದಿದ್ರ ಅಷ್ಟ" ಅಂದರು. ಹತ್ತು ಲಕ್ಷದ ಮೇಲಿನ ವಸ್ತು ಮಾರುವವರು ಹೇಳುವ ಮಾತಾ ಇದು? ಗಾಡಿಯ ಜೊತೆ ಬಂದ ಪುಸ್ತಕ ತೆಗೆದರೆ ಹ್ಯಾಂಡ್‌ಬ್ರೇಕ್ ಹಾಕಿ, ಪಿಗೂ ಹಾಕಿ ಅಂತ ಸ್ಪಷ್ಟವಾಗಿ ಬರೆದಿದೆ. ಅದನ್ನು ಓದಿದ್ದರೆ ಅವರೂ ಹಾಗೆ ಹೇಳುತ್ತಿರಲಿಲ್ಲ.

ಪಿ ಅಂದರೆ ಬ್ರೇಕ್ ಅಲ್ಲ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ತಿರುಗಣಿಗೆ ಒಂದು ಹಲ್ಲುಗಾಲಿ ಇರುತ್ತದೆ. ಪಿಗೆ ಹಾಕಿದಾಗ ಒಂದು ಉಕ್ಕಿನ ತುಂಡು ಬಂದು ಆ ಹಲ್ಲುಗಳ ಸಂದಿಯಲ್ಲಿ ಬಾಗಿಲ ಚಿಲಕದ ಹಾಗೆ ಕೂರುತ್ತದೆ. ಅಷ್ಟೇ. ನನಗೆ ಇದು ಪೂರ್ತಿ ಅರ್ಥ ಆಗಿದ್ದು ರಿಂಗ್ ರೋಡಿನ ಒಂದು ಗ್ಯಾರೇಜಿನಲ್ಲಿ. ಅಲ್ಲಿನ ಮಿಸ್ತ್ರಿ ಯಾರದೋ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಿಚ್ಚಿ ಇಟ್ಟಿದ್ದರು. "ಇದೇ ನೋಡ್ರಿ ಅಕ್ಕಾರ, ನಿಮ್ಮ ಪಿ" ಅಂತ ಆ ತುಂಡನ್ನು ನನ್ನ ಅಂಗೈ ಮೇಲೆ ಇಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಒಂದು ತುದಿಯಲ್ಲಿ ಒಂದೇ ಹಲ್ಲು. ಕೆಂಪು ಆಯಿಲ್ ಇನ್ನೂ ಅಂಟಿಕೊಂಡಿತ್ತು. ಹಲ್ಲಿನ ಮೂಲೆ ಸವೆದು ದುಂಡಗಾಗಿತ್ತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಪಿಗೆ ತಳ್ಳುವವರ ಗಾಡಿಯಲ್ಲಿ ಹೀಗಾಗುತ್ತದಂತೆ. ಉರುಳುತ್ತಿರುವ ಗಾಡಿಯಲ್ಲಿ ಆ ತುಂಡು ಸಂದಿಗೆ ಕೂರಲಾಗದೆ ಹಲ್ಲಿನಿಂದ ಹಲ್ಲಿಗೆ ಕಟಕಟ ಬಡಿಯುತ್ತದೆ. "ಟನ್ನುಗಟ್ಲೆ ಭಾರ ಇಷ್ಟರ ಮ್ಯಾಲೆ ಹಾಕಬಾರದ್ರಿ" ಅಂದರು ಮಿಸ್ತ್ರಿ. ಶೋರೂಮಿನ ಎಸಿ ಕೋಣೆಯಲ್ಲಿ ಸಿಗದ ಪಾಠ ಅಲ್ಲಿ ಸಿಕ್ಕಿತು.

ಅವರು ಹೇಳಿಕೊಟ್ಟ ಕ್ರಮವನ್ನೇ ನಾನು ಪಾಲಿಸುತ್ತೇನೆ. ಬೀದರ್‌ಗೆ ಹೋಗುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸದೆ ಮುಂದೆ ಹೋಗುವುದಿಲ್ಲ. ಡಾಂಬರ್ ಬಿಟ್ಟು ಬದಿಗೆ ಇಳಿಸಿದರೆ ಅಲ್ಲಿ ನೆಲ ಸ್ವಲ್ಪ ಇಳಿಜಾರು. ಬ್ರೇಕ್ ಒತ್ತಿ ಪೂರ್ತಿ ನಿಲ್ಲಿಸುತ್ತೇನೆ. ಕಾಲು ತೆಗೆಯದೆ ಎನ್‌ಗೆ ಹಾಕುತ್ತೇನೆ. ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆಯುತ್ತೇನೆ. ಆಮೇಲೆ ಬ್ರೇಕ್ ಮೇಲಿನ ಕಾಲನ್ನು ನಿಧಾನವಾಗಿ ಎತ್ತುತ್ತೇನೆ. ಗಾಡಿ ಒಂದಿಷ್ಟೇ ಇಷ್ಟು ಅಲುಗಿ ಹ್ಯಾಂಡ್‌ಬ್ರೇಕ್ ಮೇಲೆ ಕೂರುತ್ತದೆ. ಸೀಟಿನಲ್ಲೇ ಅದು ಗೊತ್ತಾಗುತ್ತದೆ. ಈಗ ಮತ್ತೆ ಬ್ರೇಕ್ ಒತ್ತಿ ಪಿ. ಕೊನೆಗೆ ಎಂಜಿನ್ ಆಫ್. ಹೀಗೆ ಮಾಡಿದರೆ ಭಾರ ಎಲ್ಲ ಹ್ಯಾಂಡ್‌ಬ್ರೇಕ್ ಹೊರುತ್ತದೆ, ಆ ಉಕ್ಕಿನ ತುಂಡು ಎರಡನೇ ಕಾವಲಾಗಿ ಉಳಿಯುತ್ತದೆ. ಹೊರಡುವಾಗ ಪಿಯಿಂದ ಲಿವರ್ ಸಲೀಸಾಗಿ ಬರುತ್ತದೆ. ಬರೀ ಪಿ ಮೇಲೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ತೆಗೆಯಿರಿ, 'ಟಕ್' ಅಂತ ಒಂದು ಪೆಟ್ಟು ಬೀಳುತ್ತದೆ. ಅದು ಗೇರ್ ಬಾಕ್ಸಿಗೆ ಬಿದ್ದ ಪೆಟ್ಟು.

ಬರೆಯೋಕೆ ಇಷ್ಟುದ್ದ ಆಯಿತು, ಮಾಡೋಕೆ ಕ್ಷಣ ಸಾಕು. ಇಳಿಜಾರಾದರೆ ಮುಂದಿನ ಚಕ್ರಗಳನ್ನೂ ರಸ್ತೆಯ ಅಂಚಿನ ಕಡೆ ತಿರುಗಿಸಿಡುತ್ತೇನೆ. ಏನಾದರೂ ಕೈಕೊಟ್ಟರೆ ಗಾಡಿ ರಸ್ತೆಯ ನಡುವೆ ಹೋಗುವುದಿಲ್ಲ. ನಮ್ಮ ಗಾಡಿಯಲ್ಲಿ ನನಗೆ ಇಷ್ಟವಾದ ಇನ್ನೊಂದು ಸಂಗತಿ ಅಂದರೆ ಪಿಯಲ್ಲಿ ಇಲ್ಲದಿದ್ದರೆ ಚಾವಿ ಹೊರಗೆ ಬರುವುದೇ ಇಲ್ಲ. ಬಟನ್ ಸ್ಟಾರ್ಟ್ ಇರುವವರಿಗೆ ಈ ತಡೆ ಇಲ್ಲ. ಇಳಿಯುವ ಮೊದಲು ಲಿವರ್ ಕಡೆಗೆ, ಡ್ಯಾಶ್‌ಬೋರ್ಡಿನ ಅಕ್ಷರದ ಕಡೆಗೆ ಕಣ್ಣು ಹಾಯಿಸಲೇಬೇಕು.

ಪಂಕ್ಚರ್ ಆದಾಗ ಇದು ಇನ್ನೂ ಗಂಭೀರ. ಜೇವರ್ಗಿ ರಸ್ತೆಯಲ್ಲಿ ನಮ್ಮ ಮುಂದಿನ ಚಕ್ರ ಪಂಕ್ಚರ್ ಆದಾಗ, ಸಹಾಯಕ್ಕೆ ಬಂದ ಒಬ್ಬರು ಹ್ಯಾಂಡ್‌ಬ್ರೇಕ್ ನೋಡದೆಯೇ ಜಾಕ್ ಹಚ್ಚಲು ಹೊರಟಿದ್ದರು. ಪಿ ಇದೆಯಲ್ಲ ಅನ್ನೋದೇ ಅವರ ಮಾತು. ನಮ್ಮಂಥ, ಎಂಜಿನ್ ಬಲ ಮುಂದಿನ ಚಕ್ರಗಳಿಗೆ ಹೋಗುವ ಫ್ರಂಟ್ ವೀಲ್ ಡ್ರೈವ್ ಗಾಡಿಯಲ್ಲಿ ಪಿ ಹಿಡಿಯೋದು ಮುಂದಿನ ಚಕ್ರಗಳನ್ನು, ಹ್ಯಾಂಡ್‌ಬ್ರೇಕ್ ಹಿಡಿಯೋದು ಹಿಂದಿನವನ್ನು. ಮುಂದಿನ ಒಂದು ಚಕ್ರ ಗಾಳಿಗೆ ಎದ್ದರೆ, ಎರಡೂ ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಅದು ಒಂದು ಕಡೆ, ನೆಲದ ಮೇಲಿನದು ಇನ್ನೊಂದು ಕಡೆ ತಿರುಗಬಹುದು. ಪಿ ಇದ್ದರೂ ಗಾಡಿ ಜಾಕಿನಿಂದ ಜಾರಿ ಉರುಳಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟ ಮೇಲೆಯೇ ಜಾಕ್ ಹಚ್ಚಿಸಿದೆ. ಬಡಿಗೇರ ಹತ್ತಿರ ಓರೆಯಾಗಿ ಕೊಯ್ಯಿಸಿದ ಎರಡು ಕಟ್ಟಿಗೆ ತುಂಡು ನಮ್ಮ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತವೆ. ಖರ್ಚು ಹೆಚ್ಚೇನಿಲ್ಲ, ದಯವಿಟ್ಟು ನೀವೂ ಇಟ್ಟುಕೊಳ್ಳಿ.

ಕಲ್ಯಾಣ ಮಂಟಪಗಳ ಬಗ್ಗೆಯೂ ಹೇಳಬೇಕು. ಲಗ್ನದ ಸೀಸನ್‌ನಲ್ಲಿ ಚಾವಿ ಕೊಡಿ, ನಾವು ನಿಲ್ಲಿಸುತ್ತೇವೆ ಅಂತ ಹುಡುಗರು ಬರುತ್ತಾರೆ. ಒಂದು ಕಡೆ ನನ್ನ ಗಾಡಿಯನ್ನು ನೆಲಮಾಳಿಗೆಗೆ ಇಳಿಯುವ ರ‍್ಯಾಂಪ್ ಮೇಲೆ ಬರೀ ಪಿಯಲ್ಲಿ ನಿಲ್ಲಿಸಿದ್ದರು. ಕೆಳಗೆ ಅಡುಗೆಯವರು ಪಾತ್ರೆ ತೊಳೆಯುತ್ತಿದ್ದರು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಯಾರೂ ಹೇಳಿಕೊಟ್ಟಿಲ್ಲ. ಆಗಿನಿಂದ ನಾನೇ ನಿಲ್ಲಿಸುತ್ತೇನೆ. ಮಂಟಪದಿಂದ ದೂರ ಆದರೂ ಸರಿ.

ಬೇಸಿಗೆಯಲ್ಲಿ ನಮ್ಮ ಊರಲ್ಲಿ ಕಾಣುವ ಇನ್ನೊಂದು ಅಭ್ಯಾಸ ನನ್ನ ನಿದ್ದೆ ಕೆಡಿಸುತ್ತದೆ. ಅಂಗಡಿ ಮುಂದೆ ಎಂಜಿನ್ ಚಾಲೂ ಇಟ್ಟು, ಎಸಿ ಹಾಕಿ, ಮಕ್ಕಳನ್ನು ಒಳಗೆ ಕೂರಿಸಿ "ಎರಡೇ ನಿಮಿಷ" ಅಂತ ಇಳಿದು ಹೋಗುತ್ತಾರೆ. ಆಟೋಮ್ಯಾಟಿಕ್‌ನಲ್ಲಿ ಇದು ತೀರಾ ಅಪಾಯ. ಅವಸರದಲ್ಲಿ ಡಿಯಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಮಾತ್ರ ಎಳೆದಿದ್ದರೆ ಎಂಜಿನ್ ಗಾಡಿಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಮಗು ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿದರೆ ಮುಗಿಯಿತು. ಪಿಯಲ್ಲಿದ್ದರೆ ಬ್ರೇಕ್ ಒತ್ತದೆ ಲಿವರ್ ಅಲುಗುವುದಿಲ್ಲ ನಿಜ, ಆದರೆ ಸೀಟಿನಲ್ಲಿ ನಿಂತು ಆಡುವ ಮಗುವಿನ ಕಾಲು ಎಲ್ಲಿ ಬೀಳುತ್ತೆ ಅಂತ ಯಾರಿಗೆ ಗೊತ್ತು? ಎಂಜಿನ್ ಆಫ್ ಮಾಡಿ ಮಕ್ಕಳನ್ನು ಒಳಗೆ ಬಿಡೋದಂತೂ ನಮ್ಮ ಬಿಸಿಲಿನಲ್ಲಿ ಜೀವಕ್ಕೇ ಅಪಾಯ. ಮಕ್ಕಳನ್ನು ಕರೆದುಕೊಂಡೇ ಇಳಿಯಿರಿ. ಎಂಜಿನ್ ಚಾಲೂ ಇಟ್ಟು ಇಳಿದು ಹೋಗೋದನ್ನು ಮೋಟಾರು ವಾಹನ ಕಾಯ್ದೆ 1988ರ 126ನೇ ಕಲಂ ಕೂಡ ಒಪ್ಪುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದಿದ್ದರೆ ಎಂಜಿನ್ ನಿಂತಿರಬೇಕು, ಗಾಡಿ ತಾನಾಗಿ ಚಲಿಸದಂತೆ ಬ್ರೇಕ್ ಹಾಕಿರಬೇಕು ಅಥವಾ ಬೇರೆ ಕ್ರಮ ತೆಗೆದುಕೊಂಡಿರಬೇಕು.

ಓಡಿಸುವಾಗಿನ ಒಂದೆರಡು ಮಾತು. ಡಿಯಿಂದ ಆರ್‌ಗೆ, ಆರ್‌ನಿಂದ ಡಿಗೆ ಬದಲಿಸೋದು ಗಾಡಿ ಪೂರ್ತಿ ನಿಂತ ಮೇಲೆ. ಹಳೆಯ ಕೆಲವು ಕಾರುಗಳಲ್ಲಿ ಆರ್ ತುದಿಯಲ್ಲಿ, ಮುಂದೆ ಹೋಗುವ ಗೇರಿನ ಪಕ್ಕದಲ್ಲೇ ಇತ್ತು. ಎರಡರ ನಡುವೆ ಎನ್ ಇರಲೇಬೇಕು ಅಂತ ಅಮೆರಿಕದಲ್ಲಿ 1968ರಿಂದ ನಿಯಮ ಬಂತು. ಈಗ ನಮ್ಮ ಗಾಡಿಗಳಲ್ಲೂ ಅದೇ ಕ್ರಮ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಎನ್‌ಗೆ ಹಾಕುವವರು ನಮ್ಮ ಕಡೆ ಬಹಳ. ಚಿಂಚೋಳಿ ಕಾಡಿನ ರಸ್ತೆಯಲ್ಲಿ ಹಾಗೆ ಮಾಡಿದರೆ ಎಂಜಿನ್ನಿನ ಹಿಡಿತ ತಪ್ಪುತ್ತದೆ, ಭಾರ ಎಲ್ಲ ಬ್ರೇಕ್ ಮೇಲೆ ಬೀಳುತ್ತದೆ, ಬ್ರೇಕ್ ಕಾಯುತ್ತದೆ. ಈಗಿನ ಗಾಡಿಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ತಾವೇ ಪೆಟ್ರೋಲ್ ನಿಲ್ಲಿಸುತ್ತವೆ. ಉಳಿತಾಯವೂ ಇಲ್ಲ. ಹೀಗಾಗಿ ಇಳಿಜಾರಿನಲ್ಲಿ ನಾನು ಮ್ಯಾನುಯಲ್ ಮೋಡ್‌ನಲ್ಲಿ ಎರಡನೇ ಗೇರ್ ಹಿಡಿಯುತ್ತೇನೆ.

ಮಳೆಗಾಲದಲ್ಲಿ ಎರೆ ಮಣ್ಣಿಗೆ ಇಳಿಸಬೇಡಿ. ಸಿಕ್ಕಿಬಿದ್ದರೆ ಡಿ, ಆರ್, ಡಿ, ಆರ್ ಅಂತ ಜಗ್ಗಾಡಿ ಆಕ್ಸಿಲರೇಟರ್ ತುಳಿದರೆ ಗೇರಿನ ಆಯಿಲ್ ಕುದಿಯುವಷ್ಟು ಕಾಯುತ್ತದೆ. ತಳ್ಳಿ ಸ್ಟಾರ್ಟ್ ಮಾಡೋದು ಇದರಲ್ಲಿ ಆಗುವುದಿಲ್ಲ. ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರವರೆಗೆ ಎಳೆಸಬೇಡಿ. ಎಂಜಿನ್ ಓಡದಿದ್ದರೆ ಗೇರ್ ಬಾಕ್ಸಿನೊಳಗೆ ಆಯಿಲ್ ತಿರುಗುವುದಿಲ್ಲ, ಒಳಗಿನ ಭಾಗ ಒಣಗಿ ಸವೆಯುತ್ತದೆ. ಗಾಡಿಯನ್ನೇ ಮೇಲೆ ಹೊತ್ತು ಒಯ್ಯುವ ಲಾರಿ ತರಿಸಿ.

ಅಗ್ಗದ ಎಎಂಟಿ (ಆಟೋಮೇಟೆಡ್ ಮ್ಯಾನುಯಲ್) ಗಾಡಿ ತಗೊಳ್ಳುವವರಿಗೆ ಬೇರೆ ಮಾತು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಈ ಬಗೆ ನಮ್ಮ ದೇಶದಲ್ಲಿ ಜನರ ಕೈಗೆ ಬಂತು. ಬೆಲೆಯ ಮಟ್ಟಿಗೆ ಒಳ್ಳೆಯದೇ. ಒಳಗೆ ಇರೋದು ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ಒತ್ತೋದು ಮಾತ್ರ ಯಂತ್ರ. ಹೆಚ್ಚಿನವುಗಳಲ್ಲಿ ಪಿ ಇರುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಪುಸ್ತಕದಲ್ಲಿ ಹೇಳಿದ ಹಾಗೆ ಗೇರಿನಲ್ಲಿಟ್ಟು ಆಫ್ ಮಾಡಬೇಕು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತಡೆದು ನಿಲ್ಲಿಸಿದರೆ ಕ್ಲಚ್ ಸುಡುತ್ತದೆ. ಬ್ರೇಕ್ ಬಳಸಿ.

ನನ್ನ ತೀರ್ಪು: ದಿನಾ ಊರೊಳಗೆ ಓಡಾಡುವವರು, ಮೊಣಕಾಲು ನೋವಿರುವವರು, ಮನೆಯಲ್ಲಿ ವಯಸ್ಸಾದವರು ಇರುವವರು ಕಣ್ಣು ಮುಚ್ಚಿ ತಗೊಳ್ಳಿ. ಮೇಲಿನ ಲಕ್ಷಕ್ಕೆ ನನಗೆ ಬೇಸರವಿಲ್ಲ. ತಿಂಗಳಿಗೆ ಒಂದೆರಡು ಸಲ ಹೈವೇಗೆ ಮಾತ್ರ ಗಾಡಿ ತೆಗೆಯುವವರಿಗೆ ಮ್ಯಾನುಯಲ್ ಸಾಕು, ದುಡ್ಡು ಉಳಿಯುತ್ತದೆ. ಡೆಲಿವರಿ ದಿನ ಹೂವಿನ ಹಾರ, ಫೋಟೊ ಎಲ್ಲ ಆಗಲಿ. ಆದರೆ ಚಾವಿ ತಗೊಳ್ಳುವ ಮೊದಲು ಶೋರೂಮಿನ ರ‍್ಯಾಂಪ್ ಮೇಲೆ ಗಾಡಿ ನಿಲ್ಲಿಸಿ ತೋರಿಸಿ ಅಂತ ಕೇಳಿ. ಮನೆಯಲ್ಲಿ ಇನ್ನು ಯಾರು ಯಾರು ಓಡಿಸುತ್ತಾರೋ ಅವರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಕಾರ್ಪೆಟ್ ಮ್ಯಾಟ್ ಬ್ರೇಕಿನ ಕೆಳಗೆ ಸರಿಯದಂತೆ ಕೊಕ್ಕೆ ಹಾಕಿದ್ದಾರಾ ಅಂತಲೂ ಅಲ್ಲೇ ಬಗ್ಗಿ ನೋಡಿ.