ಹಳೆಯ ಬಣ್ಣ ಕೀಳಲು ಎರಡು ಬಗೆಯ ಡಿಸ್ಕ್
ಕಾಸರಗೋಡಿನ ಉಪ್ಪುಗಾಳಿಗೆ ಬಾಗಿಲಿನ ಅಡಿಯಂಚು ತುಕ್ಕು ಹಿಡಿದಿದ್ದ ನಮ್ಮ ಹಳೆಯ ಮಾರುತಿ 800ರ ಬಣ್ಣ ತೆಗೆಯಲು, ನಾಲ್ಕಿಂಚಿನ ಗ್ರೈಂಡರಿಗೆ ಎರಡು ಬಗೆಯ ಡಿಸ್ಕ್ ಹಾಕಿ ನೋಡಿದೆ. ಉಜ್ಜುಕಾಗದದ ತುಂಡುಗಳನ್ನು ಸುತ್ತಲೂ ಒಂದರ ಮೇಲೊಂದು ಜೋಡಿಸಿದ, 80 ಗ್ರಿಟ್‌ನ (ಗ್ರಿಟ್ ಎಂದರೆ ಒರಟುತನದ ಅಳತೆ) ಫ್ಲ್ಯಾಪ್ ಡಿಸ್ಕ್ ಬಣ್ಣದ ಜೊತೆಗೆ ತಗಡನ್ನೂ ಕೆರೆಯಿತು. ಒಂದೇ ಕಡೆ ತುಸು ಹೊತ್ತು ಒತ್ತಿ ಹಿಡಿದದ್ದಕ್ಕೆ ಬಾನೆಟ್ಟಿನ ತಗಡು ಕಾದು ನೀಲಿಗಟ್ಟಿ ಸಣ್ಣಗೆ ಉಬ್ಬಿತು, ತಪ್ಪು ನನ್ನದೇ. ಕಪ್ಪು ಸ್ಪಂಜಿನಂತೆ ಕಾಣುವ, ನೈಲಾನ್ ಎಳೆಗಳಲ್ಲಿ ಸಿಲಿಕಾನ್ ಕಾರ್ಬೈಡ್ ಹರಳು ಅಂಟಿಸಿದ ಸ್ಟ್ರಿಪ್ ಡಿಸ್ಕ್ ಮಾತ್ರ ಬಣ್ಣ, ಪ್ರೈಮರ್, ಹಳೆಯ ಪುಟ್ಟಿಗಳನ್ನು ಪದರ ಪದರವಾಗಿ ಬಿಡಿಸಿ, ತಗಡಿಗೆ ಹೆಚ್ಚು ಗಾಯವಾಗದಂತೆ ಉಳಿಸಿತು. ಆದರೆ ಚೂಪಾದ ಅಂಚಿಗೆ ತಾಗಿದರೆ ಅದು ಹರಿದು ಚೂರುಚೂರಾಗಿ ಹಾರುತ್ತದೆ. ಒಂದು ಬಾಗಿಲಿಗೇ ಒಂದು ಡಿಸ್ಕ್ ಸವೆಯಿತು. ಕನ್ನಡಕ, ಮುಖಗವಸು ಬೇಕೇ ಬೇಕು. ಇಲ್ಲಿನ ತೇವಕ್ಕೆ ಬರಿಯ ತಗಡು ಬೆಳಗಾಗುವಷ್ಟರಲ್ಲಿ ಕೆಂಪಾಗುವುದರಿಂದ ಅಂದೇ ಸಂಜೆ ತುಕ್ಕು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿದೆ.