ಹಳೆಯ ಕೇಪಿನ ಕೋವಿ ಕೊಂಡ ಅನುಭವ: ಒಂದು ಮನೆ, ಒಂದು ಜಗಲಿ, ಒಂದು ಅಂಗಡಿ

ಬೆಳೆ ರಕ್ಷಣೆಯ ಲೈಸೆನ್ಸು ಮಂಜೂರಾದ ಮೇಲೆ, ಹಳೆಯ ಕೇಪಿನ ಕೋವಿಯೊಂದನ್ನು (ಬಾಯಿಯಿಂದ ಮದ್ದು, ಚರೆ ತುಂಬಿ, ಕೇಪೆಂಬ ಪುಟ್ಟ ಸಿಡಿಮದ್ದಿನ ಟೋಪಿಯನ್ನು ಬಡಿದು ಹಾರಿಸುವಂಥದ್ದು) ಹುಡುಕಿಕೊಂಡು ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗಗಳಲ್ಲಿ ಒಂದೂವರೆ ವರ್ಷ ಸುತ್ತಾಡಿ ಮೂರು ಕೋವಿಗಳನ್ನು ನೋಡಿದೆ. ಅವುಗಳಲ್ಲಿ ಒಂದನ್ನು ಕೊಂಡೆ. ಮೂರನ್ನೂ ಮಾರಲು ನಿಂತವರಿಗೆ ಕೋವಿಯ ವಿಚಾರ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಏನೂ ತಿಳಿಯದವರಿಗೂ ಅರೆಬರೆ ತಿಳಿದವರಿಗೂ ಇರುವ ಅಂತರ ಎಷ್ಟು ದೊಡ್ಡದೆಂಬುದು ಆ ತಿರುಗಾಟದಲ್ಲಿ ನನಗೆ ಅರಿವಾಯಿತು.

ಮೊದಲನೆಯದು ಹೊಸನಗರದ ಕಡೆಯ ಒಂದು ಮನೆಯದು. ಲೈಸೆನ್ಸು ಎಂಬತ್ತು ದಾಟಿದ ಯಜಮಾನರ ಹೆಸರಿನಲ್ಲಿತ್ತು. ಮಾರಾಟದ ಮಾತುಕತೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನದು. ಅವರು ಅದನ್ನು ‘ರೈಫಲ್’ ಎಂದರು, ಟಿಪ್ಪುವಿನ ಕಾಲದ್ದು ಎಂದರು, ಇಪ್ಪತ್ತೈದು ಸಾವಿರ ಕೇಳಿದರು. ರೈಫಲ್ ಆಗಿದ್ದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಹೋಗುವ ಗೀರುಗಳಿರಬೇಕು. ಬಾಯಿಗೆ ಟಾರ್ಚು ಹಿಡಿದಾಗ ಒಳಮೈ ಬೋಳಾಗಿತ್ತು. ಲೈಸೆನ್ಸಿನಲ್ಲಿ ಕೋವಿಯ ಜಾತಿಯನ್ನೂ ನಮೂದಿಸಿರುತ್ತಾರಾದ್ದರಿಂದ ಇದು ಬರಿಯ ಹೆಸರಿನ ತಕರಾರಲ್ಲ. ಇನ್ನು ಟಿಪ್ಪು ಮಡಿದದ್ದು 1799ರಲ್ಲಿ. ಬಡಿದರೆ ಹೊತ್ತಿಕೊಳ್ಳುವ ಮದ್ದಿನಿಂದ ಕೋವಿ ಹಾರಿಸುವ ಕ್ರಮಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ ಪೇಟೆಂಟ್ ಪಡೆದದ್ದು 1807ರಲ್ಲಿ, ತಾಮ್ರದ ಕೇಪು ಬಂದದ್ದು ಅದಕ್ಕೂ ಆಮೇಲೆ. ಟಿಪ್ಪುವಿನ ಸೈನಿಕರ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ, ಇಲ್ಲವೇ ಬತ್ತಿಯ ಕೋವಿಗಳು. ಇದನ್ನು ವಿವರಿಸಿದಾಗ ಮಗನಿಗೆ ಬೇಸರವಾಯಿತೇ ಹೊರತು ಅವರು ವಾದಿಸಲಿಲ್ಲ.

ನಿಜವಾದ ಆತಂಕ ಕಾದಿದ್ದು ಆಮೇಲೆ. ಬಾಯಿಯಿಂದ ತುಂಬುವ ಯಾವ ಕೋವಿಯನ್ನು ಕೈಗೆತ್ತಿಕೊಂಡರೂ ಮೊದಲು ಗಜ, ಎಂದರೆ ಮದ್ದು ಜಡಿಯುವ ಕೋಲು, ಇಳಿಸಿ ನೋಡುವುದು ನನ್ನ ಪದ್ಧತಿ. ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಕೇಪು ಕೂರಿಸುವ ಸಣ್ಣ ಮೊನೆಯಾದ ನಿಪ್ಪಲಿನ ಮೇಲೆ ಕೇಪಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, ಗಜವನ್ನು ತಳದವರೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಅದೇ ಗಜವನ್ನು ನಳಿಗೆಯ ಹೊರಮೈಗೆ ಹಿಡಿದು ಅಳೆದರೆ, ಅದರ ತುದಿ ಹೆಚ್ಚುಕಡಿಮೆ ನಿಪ್ಪಲಿನ ಬುಡಕ್ಕೆ ಬರಬೇಕು. ಇಲ್ಲಿ ಅದು ನಾಲ್ಕು ಬೆರಳು ಮುಂಚೆಯೇ ನಿಂತಿತು. ಎಂದರೆ ಒಳಗೆ ಮದ್ದು, ಚರೆಗಳ ಈಡು ತುಂಬಿತ್ತು! ಪ್ರತಿ ವರ್ಷ ಆಯುಧ ಪೂಜೆಗೆ, ಕೇಪನ್ನು ಬಡಿಯುವ ‘ಕುದುರೆ’ಯ ಮೇಲೆ ಕುಂಕುಮವಿಟ್ಟಿದ್ದರು. ಗಜ ಇಳಿಸಿ ನೋಡಿದವರು ಯಾರೂ ಇರಲಿಲ್ಲ. ಕಿವಿ ಮಂದವಾಗಿದ್ದ ಯಜಮಾನರಿಗೆ ಎರಡು ಸಲ ಕೂಗಿ ಕೇಳಿದ ಮೇಲೆ, “ಹೌದು ಮಾರಾಯ, ಹಂದಿ ಬರ್ತದೆ ಅಂತ ತುಂಬಿಟ್ಟಿದ್ದೆ, ಯಾವ ವರ್ಷವೋ ಏನೋ” ಎಂದರು. ಕರಿಮದ್ದು ಒಣಗಿದ್ದರೆ ಹತ್ತಾರು ವರ್ಷ ಕಳೆದರೂ ಹೊತ್ತಿಕೊಳ್ಳುತ್ತದೆ. ನಾನು ಅದನ್ನು ಮುಂದೆ ಮುಟ್ಟಲಿಲ್ಲ. ಪರವಾನಗಿ ಇರುವ ಕೋವಿ ರಿಪೇರಿಯವರನ್ನು ಅಲ್ಲಿಗೇ ಕರೆಸಿದೆವು. ಅವರು ನಿಪ್ಪಲಿನ ಕಡೆಯಿಂದ ನೀರು ಬಿಟ್ಟು ಮದ್ದನ್ನು ನೆನೆಸಿದ ಮೇಲೆ ಚರೆ, ನಾರು ಎಲ್ಲವನ್ನೂ ಹೊರಗೆಳೆದರು.

ಎರಡನೆಯದನ್ನು ತೀರ್ಥಹಳ್ಳಿಯ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ನೋಡಿದೆ. ಮಾರುವವರು ತಮಗೆ ಕೋವಿಯ ವಿಚಾರ ಗೊತ್ತೆಂದೇ ಮಾತು ಶುರುಮಾಡಿದರು. ತುಕ್ಕು ತೆಗೆಯುವ ಉತ್ಸಾಹದಲ್ಲಿ ನಳಿಗೆಗೆ ಎಮರಿ ಕಾಗದ ಉಜ್ಜಿ ಬೆಳ್ಳಗೆ ಮಾಡಿದ್ದರು, ಹಿಡಿಗೆ ವಾರ್ನಿಷ್ ಬಳಿದಿದ್ದರು. ಆ ಉಜ್ಜಾಟದಲ್ಲಿ ನಂಬರಿನ ಅರ್ಧ ಅಳಿಸಿಹೋಗಿತ್ತು. ಕೋವಿಯ ಮೇಲಿನ ಗುರುತನ್ನು ಅಳಿಸುವುದು ಆಯುಧ ಕಾಯ್ದೆಯ ಪ್ರಕಾರ ಅಪರಾಧ; ಲೈಸೆನ್ಸಿನ ನಂಬರಿಗೆ ತಾಳೆಯಾಗದ ಕೋವಿಯನ್ನು ಠಾಣೆಗೆ ಒಯ್ದು ಏನೆಂದು ಹೇಳುವುದು? ಹೊಳೆಯುವ ಆ ಕೋವಿಯನ್ನು ಅಲ್ಲಿಯೇ ಬಿಟ್ಟು, ಅವರು ಕೊಟ್ಟ ಕಾಫಿ ಕುಡಿದು ಎದ್ದುಬಂದೆ.

ಮೂರನೆಯದು ಶಿವಮೊಗ್ಗದ ಒಂದು ಅಂಗಡಿಯದು. ದಾಖಲೆಗಳೆಲ್ಲ ಕ್ರಮವಾಗಿದ್ದವು, ಮರ್ಯಾದೆಗೂ ಕೊರತೆಯಿರಲಿಲ್ಲ. ಆದರೆ ಕೌಂಟರಿನಲ್ಲಿದ್ದ ಯುವಕರಿಗೆ ತಿಳಿದಿದ್ದದ್ದು ತೋಟಾ ಕೋವಿ ಮಾತ್ರ. ಕರಿಮದ್ದು ಸಿಗದಿದ್ದರೆ ತೋಟಾ ಬಿಚ್ಚಿ ಅದರ ಮದ್ದನ್ನೇ ಹಾಕಬಹುದೆಂದು ಅವರು ನಗುತ್ತಲೇ ಹೇಳಿದರು. ಈಗಿನ ತೋಟಾದಲ್ಲಿರುವ ಹೊಗೆರಹಿತ ಮದ್ದಿನ ಒತ್ತಡವೇ ಬೇರೆ. ಅದನ್ನು ಹಳೆಯ ನಳಿಗೆಗೆ ಸುರಿದರೆ ನಳಿಗೆ ಸಿಡಿದು ಕೈ, ಕಣ್ಣು ಹೋಗುವ ಸಂಭವವಿದೆ. ಆ ಕೋವಿಯ ನಳಿಗೆಯ ನಡುವೆ ಬೆರಳಿಗೆ ಮಾತ್ರ ಸಿಗುವ ಒಂದು ಸಣ್ಣ ಉಬ್ಬೂ ಇತ್ತು. ಚರೆ ಮದ್ದಿನ ಮೇಲೆ ಸರಿಯಾಗಿ ಕೂರದೆ ನಡುವೆ ನಿಂತಿದ್ದಾಗ ಹಾರಿಸಿದರೆ ಇಂಥ ಉಬ್ಬು ಬರುತ್ತದೆ, ಮತ್ತು ಅಂಥ ನಳಿಗೆಯನ್ನು ನಂಬುವ ಹಾಗಿಲ್ಲ.

ಹೀಗಾಗಿ ಮತ್ತೆ ಹೊಸನಗರಕ್ಕೇ ಹೋದೆ. ಆ ಮನೆಯವರು ಕೋವಿಯನ್ನು ಉಜ್ಜಿರಲಿಲ್ಲ, ಬಣ್ಣ ಬಳಿದಿರಲಿಲ್ಲ, ಒಂದು ತಿರುಪನ್ನೂ ಬಿಚ್ಚಿರಲಿಲ್ಲ. ಅವರ ಅಜ್ಞಾನವೇ ಅದನ್ನು ಕಾಪಾಡಿತ್ತು. ಸುಟ್ಟ ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಸೀಮೆಯಲ್ಲಿ ನಳಿಗೆಯ ತಳದಲ್ಲಿ ಗುಳಿ ಬೀಳದ ಕೋವಿ ಸಿಗುವುದು ಕಷ್ಟ. ಇದರಲ್ಲಿಯೂ ಗುಳಿಗಳಿದ್ದವು, ಆದರೆ ಆಳವಾಗಿರಲಿಲ್ಲ. ನಿಪ್ಪಲು ಸವೆದಿತ್ತು. ಕುದುರೆಯನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ ಬಿಲ್ಲನ್ನು (ಟ್ರಿಗರನ್ನು) ಒತ್ತಿದರೂ ಅದು ಜಾರಲಿಲ್ಲ, ಎಂದರೆ ತಡೆ ಗಟ್ಟಿಯಾಗಿತ್ತು. ನಾನು ಕೊಳ್ಳಲು ಮನಸ್ಸು ಮಾಡಿದ್ದು ಆ ಗಳಿಗೆಯಲ್ಲಿ. ಒಂಬತ್ತು ಸಾವಿರಕ್ಕೆ ಮಾತಾಯಿತು.

ದುಡ್ಡು ಎಣಿಸಿದ ದಿನವೇ ಕೋವಿ ಕೈಗೆ ಬರುವುದಿಲ್ಲ. ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕೆಂಬ ನಿಯಮ ಮಗನಿಗೆ ಗೊತ್ತಿರಲಿಲ್ಲ. ಅರ್ಜಿಯನ್ನು ನಾನೇ ಬರೆದುಕೊಟ್ಟು ಯಜಮಾನರ ಸಹಿ ಹಾಕಿಸಿದೆ. ಈಗ ನಿಪ್ಪಲು ಬದಲಾಗಿದೆ, ಬಿರುಕು ಬಿಟ್ಟಿದ್ದ ಹಿಡಿಗೆ ಹಿತ್ತಾಳೆಯ ಪಟ್ಟಿ ಬಿದ್ದಿದೆ. ತೋಟಕ್ಕೆ ಮಂಗಗಳು ಇಳಿದಾಗ ಬರಿಮದ್ದು ಹಾಕಿ ಸದ್ದು ಮಾಡಲು ಸಾಕಾಗುವಷ್ಟು ಚೆನ್ನಾಗಿದೆ. ಆದರೂ ಆಷಾಢದ ತಂಡಿಯಲ್ಲಿ ಮೊದಲ ಕೇಪು ಕೆಲವೊಮ್ಮೆ ಠುಸ್ಸೆನ್ನುತ್ತದೆ, ಅಷ್ಟರಲ್ಲಿ ಮಂಗಗಳು ಪಕ್ಕದವರ ತೋಟ ಸೇರಿರುತ್ತವೆ.